ಛಾವಣಿ ಹೋದ ಮೇಲೆ ಸುಧಾರಿಸಿದ ಕಾರು: 300 ಎಸ್‌ಎಲ್ ರೋಡ್‌ಸ್ಟರ್

ಮರ್ಸಿಡಿಸ್ ಬೆಂಝ್ 300 ಎಸ್‌ಎಲ್ ಎಂದರೆ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಬಾಗಿಲು ಮೇಲಕ್ಕೆ ತೆರೆಯುವ ‘ಗಲ್‌ವಿಂಗ್’ ಕೂಪೆ, ಅಂದರೆ ಗಟ್ಟಿ ಛಾವಣಿಯ ಎರಡು ಬಾಗಿಲಿನ ಕಾರು. ಅದರ ಜಾಗಕ್ಕೆ 1957ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ಬಂದ ತೆರೆದ ರೋಡ್‌ಸ್ಟರ್‌ಗೆ ಅಷ್ಟು ಹೆಸರಿಲ್ಲ. ಫೋಟೊ ತೆಗೆಯಲು ಕೂಪೆಯೇ ಚೆಂದ, ಒಪ್ಪೋಣ. ಓಡಿಸಲು ಮಾತ್ರ ರೋಡ್‌ಸ್ಟರ್ ವಾಸಿ.

ಕೂಪೆಯ ಆ ಬಾಗಿಲು ಶೋಕಿಗಾಗಿ ಹುಟ್ಟಲಿಲ್ಲ. ಮರ್ಸಿಡಿಸ್ ಎಂಜಿನಿಯರ್ ರೂಡೋಲ್ಫ್ ಊಲೆನ್‌ಹೌಟ್ ಅವರ ತಂಡ 1952ರ ರೇಸ್ ಕಾರಿಗೆ ತೆಳು ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಬೆಸೆದು ಚೌಕಟ್ಟು ಮಾಡಿತ್ತು. ಇಂಥ ಜೋಡಣೆಯಲ್ಲಿ ಪ್ರತಿ ಕೊಳವೆಯ ಮೇಲೂ ಬೀಳುವುದು ಹೆಚ್ಚಾಗಿ ಎಳೆತ ಇಲ್ಲವೇ ಒತ್ತಡ, ಬಾಗುವ ಬಲ ಕಡಿಮೆ. ಹಾಗಾಗಿ ಹಗುರ ಕೊಳವೆಯೇ ಸಾಕು. ಆದರೆ ಕಾರು ತಿರುಚಿಕೊಳ್ಳದಿರಬೇಕಾದರೆ ಚೌಕಟ್ಟಿನ ಪಕ್ಕಗಳು ಎತ್ತರವಿರಬೇಕು. ಪಕ್ಕ ಎತ್ತರವಾದಾಗ ಮಾಮೂಲಿ ಬಾಗಿಲಿಗೆ ಜಾಗವೇ ಉಳಿಯಲಿಲ್ಲ. ಕೀಲು ಛಾವಣಿಗೆ ಹೋಯಿತು.

ತೆರೆದ ಕಾರಿನಲ್ಲಿ ಆ ಕೀಲಿಗೆ ಛಾವಣಿಯೇ ಇಲ್ಲ. ಮಾಮೂಲಿ ಬಾಗಿಲು ಬೇಕು ಎಂದಾದಾಗ ಪಕ್ಕದ ಕೊಳವೆಗಳನ್ನು ತಗ್ಗಿಸಲೇಬೇಕಾಯಿತು, ಅದರೊಂದಿಗೆ ಬಿಗಿತವೂ ಹೋಯಿತು. ಕಳೆದುಕೊಂಡದ್ದನ್ನು ಓರೆ ಕೊಳವೆಗಳನ್ನು ಹಿಂಭಾಗದ ಚೌಕಟ್ಟಿಗೆ ಬೆಸೆದು ತುಂಬಿಕೊಂಡರು. ಛಾವಣಿ ಹೋದರೆ ತೂಕ ಇಳಿಯಬೇಕಲ್ಲವೇ? ಏರಿತು. ಟ್ಯಾಂಕ್ 130 ಲೀಟರ್‌ನಿಂದ 100ಕ್ಕೆ ಇಳಿಯಿತು, ಸ್ಟೆಪ್ನಿ ನೆಲದಡಿಗೆ ಹೋಯಿತು, ಡಿಕ್ಕಿಯಲ್ಲಿ ಪೆಟ್ಟಿಗೆ ಇಡುವಷ್ಟು ಜಾಗವಾಯಿತು. ಬಟ್ಟೆಯ ಟಾಪು ಮಡಚಿದರೆ ಸೀಟಿನ ಹಿಂದಿನ ಲೋಹದ ಮುಚ್ಚಳದೊಳಗೆ ಕಾಣೆಯಾಗುತ್ತದೆ. ಕಿಟಕಿ ಗಾಜು ಇಳಿಸಬಹುದಾಗಿದ್ದೂ ಸಣ್ಣ ವಿಷಯವಲ್ಲ. ಕೂಪೆಯಲ್ಲಿ ಅದು ಇಳಿಯುತ್ತಿರಲಿಲ್ಲ, ಒಳಗೆ ಕೂತವರು ಬೇಯುತ್ತಿದ್ದರು.

ನಿಜವಾದ ಸುಧಾರಣೆ ಹಿಂದಿನ ಆಕ್ಸಲ್‌ನಲ್ಲಿದೆ. ಕೂಪೆಯ ಎರಡು ಅರ್ಧ ಆಕ್ಸಲ್‌ಗಳೂ ಡಿಫರೆನ್ಷಿಯಲ್‌ನ (ಎಂಜಿನ್ ಬಲವನ್ನು ಎರಡೂ ಹಿಂಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ) ಎರಡು ಪಕ್ಕಗಳಲ್ಲಿ ಕೀಲುಗೊಂಡು ರೆಕ್ಕೆಯಂತೆ ಮೇಲೆ ಕೆಳಗೆ ಆಡುತ್ತಿದ್ದವು. ವೇಗದಲ್ಲಿ ತಿರುವಿಗೆ ನುಗ್ಗಿ, ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಕಾರಿನ ಹಿಂಭಾಗ ಮೇಲೇಳುತ್ತದೆ, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ, ಟೈರಿನ ಹಿಡಿತ ಏಕಾಏಕಿ ತಪ್ಪುತ್ತದೆ. ಮುಂದಿನದು ಗಿರಕಿ. ರೋಡ್‌ಸ್ಟರ್‌ನಲ್ಲಿ ಎರಡು ಕೀಲುಗಳ ಬದಲು ಒಂದೇ ಕೀಲು, ಅದೂ ಡಿಫರೆನ್ಷಿಯಲ್‌ನ ನಡುಮಟ್ಟಕ್ಕಿಂತ ಕೆಳಗೆ. ಅರ್ಧ ಆಕ್ಸಲ್ ಆಡುವ ತ್ರಿಜ್ಯ ಉದ್ದವಾದ್ದರಿಂದ ಚಕ್ರ ಓರೆಯಾಗುವುದು ಕಡಿಮೆ. ಕೀಲು ತಗ್ಗಿದ್ದರಿಂದ ಹಿಂಭಾಗ ಮೇಲೇಳುವ ಚಟವೂ ಕಡಿಮೆ. ಮೇಲೆ ಅಡ್ಡಲಾಗಿ ಇನ್ನೊಂದು ಸುರುಳಿ ಸ್ಪ್ರಿಂಗ್ ಕೂರಿಸಿದರು. ಕಾರಿನ ಭಾರಕ್ಕೆ ಅದು ಹೆಗಲು ಕೊಡುತ್ತದೆ, ಆದರೆ ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವುದಿಲ್ಲ. ಇದರಿಂದ ತಿರುವಿನಲ್ಲಿ ಹಿಂದಿನ ಹೊರಚಕ್ರದ ಮೇಲೆ ಬೀಳುವ ಹೆಚ್ಚುವರಿ ಹೊರೆ ತಗ್ಗುತ್ತದೆ. ಇದೇ ಬಗೆಯ ಕೀಲು 1954ರಲ್ಲೇ ಮರ್ಸಿಡಿಸ್‌ನ 220ಎ ಸೆಡಾನಿನಲ್ಲಿತ್ತು. ಅದಕ್ಕಿಂತ ಎಷ್ಟೋ ದುಬಾರಿಯಾದ ಕೂಪೆಗೆ ಮಾತ್ರ ಕೊನೆಯವರೆಗೂ ಸಿಗಲಿಲ್ಲ!

ಎಂಜಿನ್ 2996 ಸಿಸಿಯ ಸಾಲು ಆರು ಸಿಲಿಂಡರ್, 5800 ಆರ್‌ಪಿಎಂನಲ್ಲಿ 215 ಅಶ್ವಶಕ್ತಿ. ಬಾನೆಟ್ ತಗ್ಗಿಸಲು ಅದನ್ನು ಎಡಕ್ಕೆ ಓರೆಯಾಗಿ ಮಲಗಿಸಿದ್ದಾರೆ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಮೊದಲ ಕಾರು ಇದೆಂದು ಬರೆಯುವವರಿದ್ದಾರೆ. ಅದು ತಪ್ಪು, ಗುಟ್‌ಬ್ರೋಡ್ ಮತ್ತು ಗೋಲಿಯಾಥ್ ಕಂಪನಿಗಳ ಪುಟ್ಟ ಟೂ ಸ್ಟ್ರೋಕ್ ಕಾರುಗಳು ಮೊದಲೇ ಬಂದಿದ್ದವು. ಫೋರ್ ಸ್ಟ್ರೋಕ್ ಕಾರುಗಳಲ್ಲಿ 300 ಎಸ್‌ಎಲ್ ಮೊದಲನೆಯದು.

ಪೆಟ್ರೋಲ್ ಚಿಮ್ಮಿಸುವ ಬಾಷ್ ಕಂಪನಿಯ ಪಂಪಿನಲ್ಲಿ ಆರು ಪ್ಲಂಜರ್‌ಗಳು (ಪೆಟ್ರೋಲನ್ನು ಒತ್ತಿ ತಳ್ಳುವ ಸಣ್ಣ ಕೊಂತಗಳು) ಸಾಲಾಗಿ ನಿಂತಿವೆ. ಹಳೆಯ ಲಾರಿಯ ಡೀಸೆಲ್ ಪಂಪ್ ಬಿಚ್ಚಿ ನೋಡಿದವರಿಗೆ ಈ ಜೋಡಣೆ ಹೊಸದೇನಲ್ಲ. ಆದರೆ ಡೀಸೆಲ್‌ಗೆ ಇರುವ ಜಿಡ್ಡು ಪೆಟ್ರೋಲಿಗಿಲ್ಲ, ಹಾಗಾಗಿ ಪಂಪಿಗೆ ಎಂಜಿನ್ ಆಯಿಲನ್ನೇ ಹಾಯಿಸಬೇಕಾಯಿತು. ಎಷ್ಟು ಪೆಟ್ರೋಲ್ ಹೋಗಬೇಕೆಂಬುದನ್ನು ಗಾಳಿ ಒಳಬರುವ ಕೊಳವೆಯ ನಿರ್ವಾತವೇ ಒಂದು ಡಯಾಫ್ರಂ (ತೆಳು ಪೊರೆ) ಮೂಲಕ ತೀರ್ಮಾನಿಸುತ್ತದೆ. ಡಯಾಫ್ರಂ ಹರಿದರೆ ಪೆಟ್ರೋಲ್ ಹೆಚ್ಚಾಗಿ ಹೋಗಿ ಕಪ್ಪು ಹೊಗೆ ಬರುತ್ತದೆ.

ಇನ್ನೊಂದು ತೊಡಕು ಸ್ವಲ್ಪ ವಿಚಿತ್ರ. ಪಂಪು ಎಂಜಿನ್‌ನಿಂದಲೇ ತಿರುಗುವುದರಿಂದ ಕೀಲಿ ಆಫ್ ಮಾಡಿದ ಮೇಲೂ ಎಂಜಿನ್ ಪೂರ್ತಿ ನಿಲ್ಲುವವರೆಗೆ ಪೆಟ್ರೋಲ್ ಚಿಮ್ಮುತ್ತಲೇ ಇರುತ್ತದೆ. ಉರಿಯದ ಆ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿದು, ಆಯಿಲ್ ಜೊತೆ ಬೆರೆಯುತ್ತದೆ. ಜೋರಾಗಿ, ದೂರ ಓಡಿಸಿದರೆ ಆಯಿಲ್ ಕಾದು ಪೆಟ್ರೋಲ್ ಆವಿಯಾಗಬೇಕು. ಆದರೆ ರೇಸಿಗೆಂದೇ ಯೋಜಿಸಿದ ಡ್ರೈ ಸಂಪ್ ವ್ಯವಸ್ಥೆಯಲ್ಲಿ, ಅಂದರೆ ಆಯಿಲನ್ನು ಎಂಜಿನ್ ಅಡಿಯಲ್ಲಿಡದೆ ಬೇರೆ ಟ್ಯಾಂಕಿನಲ್ಲಿಡುವ ವ್ಯವಸ್ಥೆಯಲ್ಲಿ, ಆಯಿಲ್ ಬಹಳ, ಜೊತೆಗೆ ದೊಡ್ಡ ಕೂಲರ್. ಪೇಟೆಯೊಳಗಿನ ಓಡಾಟಕ್ಕೆ ಅಷ್ಟು ಬಿಸಿ ಏರುವುದೇ ಇಲ್ಲ. ಎಷ್ಟೋ ಮಾಲೀಕರು ಕೂಲರ್‌ಗೆ ಗಾಳಿ ಹೋಗದಂತೆ ಅಡ್ಡಕಟ್ಟಿ ಓಡಿಸುತ್ತಿದ್ದರು. ಸುಮಾರು 1600 ಕಿ.ಮೀ.ಗೊಮ್ಮೆ ಆಯಿಲ್ ಬದಲಿಸಬೇಕೆಂಬ ಸಲಹೆಯ ಹಿನ್ನೆಲೆ ಇದು.

1961ರಲ್ಲಿ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್, 1962ರಲ್ಲಿ ಅಲ್ಯೂಮಿನಿಯಂ ಎಂಜಿನ್ ಬ್ಲಾಕ್ ಬಂದವು. 1963ರಲ್ಲಿ ತಯಾರಿಕೆ ನಿಂತಾಗ ಲೆಕ್ಕ 1858 ರೋಡ್‌ಸ್ಟರ್, ಕೂಪೆ 1400. ಇಂದು ಇಂಥ ಕಾರನ್ನು ಪರೀಕ್ಷಿಸುವವರು ಬಣ್ಣ, ಕ್ರೋಮಿಗೆ ಮರುಳಾಗದೆ ಮೊದಲು ಆಯಿಲ್ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಲಿ. ಪೆಟ್ರೋಲ್ ವಾಸನೆ ಬಂದರೆ ಮೊದಲ ಕೆಲಸ ಆಯಿಲ್ ಬದಲಾವಣೆ. ಆಮೇಲೆ ಚೌಕಟ್ಟಿನ ಕೊಳವೆಗಳು: ಒಳಗಿನಿಂದ ತುಕ್ಕು ಹಿಡಿದರೆ ಹೊರಗೆ ಕಾಣಿಸದು, ಬೆಸುಗೆಯ ಗಂಟುಗಳ ಬಳಿ ಒಂದೊಂದನ್ನೂ ನೋಡಬೇಕು.