ಗಿಣ್ಣು: ಕುದುರೆ ಮರಿಗೆ ಮೊದಲ ದಿನ ಸಿಗಲೇಬೇಕಾದ ಹಾಲು

ಪ್ರಾಣಿ ಈದ ಕೂಡಲೇ ಕೆಚ್ಚಲಿನಿಂದ ಬರುವ ಹಳದಿ ಬಣ್ಣದ, ಬೆರಳಿಗೆ ಅಂಟುವಷ್ಟು ಮಂದವಾದ ಹಾಲಿಗೆ ಗಿಣ್ಣು ಎನ್ನುತ್ತೇವೆ. ಈ ಮಾತು ಕೇಳಿದರೆ ಹೆಚ್ಚಿನವರಿಗೆ ನೆನಪಾಗುವುದು ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಸಿಹಿ. ಹಸು, ಎಮ್ಮೆಯ ಗಿಣ್ಣು ಎರಡು ಮೂರು ದಿನ ಬರುತ್ತದೆ. ಕರುವಿಗೆ ಕುಡಿಸಿ ಉಳಿದದ್ದು ಅಡುಗೆಮನೆಗೂ ಸಿಗುತ್ತದೆ. ಕುದುರೆಯಲ್ಲಿ ಆ ಧಾರಾಳ ಇಲ್ಲ. ಮರಿ ಮೊಲೆ ಹಿಡಿದ 12 ಗಂಟೆಯೊಳಗೆ ಗಿಣ್ಣಿನ ಸತ್ವ ಬಹುಪಾಲು ಇಳಿದು ಮಾಮೂಲಿ ಹಾಲಾಗಿಬಿಡುತ್ತದೆ. ಕುಣಿಗಲ್‌ನ ಸ್ಟಡ್ ಫಾರ್ಮಿನಂಥ ಕಡೆ ಬಿಟ್ಟರೆ ನಮ್ಮಲ್ಲಿ ಕುದುರೆ ಈಯುವುದನ್ನು ಹತ್ತಿರದಿಂದ ಕಂಡವರು ಕಡಿಮೆ. ಹಾಗಾಗಿ ಹಟ್ಟಿಯಲ್ಲಿ ಕಲಿತದ್ದನ್ನೇ ಲಾಯಕ್ಕೂ ತಂದು ಎಡವುವವರೇ ಹೆಚ್ಚು.

ಗಿಣ್ಣಿನಲ್ಲಿ ಕೊಬ್ಬು, ಪ್ರೋಟೀನು, ವಿಟಮಿನ್ ಎಲ್ಲ ಇದೆ, ಆದರೆ ಅದರ ಮುಖ್ಯ ಕೆಲಸ ಹೊಟ್ಟೆ ತುಂಬಿಸುವುದಲ್ಲ. ಮನುಷ್ಯರಲ್ಲಿ ತಾಯಿಯ ರಕ್ತದ ಪ್ರತಿಕಾಯಗಳು, ಅಂದರೆ ರೋಗಾಣುಗಳ ವಿರುದ್ಧ ಸಿದ್ಧವಾದ ಪ್ರೋಟೀನುಗಳು, ಬಸಿರಿನಲ್ಲಿರುವಾಗಲೇ ಮಾಸಿನ ಮೂಲಕ ಮಗುವಿಗೆ ದಾಟುತ್ತವೆ. ಕುದುರೆ, ಹಸು, ಎಮ್ಮೆ, ಕುರಿ, ಆಡು, ಹಂದಿಗಳ ಮಾಸಿನ ರಚನೆ ಬೇರೆ. ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವೆ ಇರುವ ಪದರಗಳನ್ನು ಆ ದೊಡ್ಡ ಅಣುಗಳು ದಾಟಲಾರವು. ಆದ್ದರಿಂದ ಕುದುರೆ ಮರಿ ಹುಟ್ಟುವಾಗ ಅದರ ರಕ್ತದಲ್ಲಿ ಪ್ರತಿಕಾಯ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಸ್ವಂತವಾಗಿ ತಯಾರಿಸಿಕೊಂಡು ಸಾಕಷ್ಟು ಮಟ್ಟ ಮುಟ್ಟಲು ತಿಂಗಳುಗಳೇ ಬೇಕು. ಅಲ್ಲಿಯ ತನಕ ಅದು ಬದುಕುವುದು ಗಿಣ್ಣಿನಲ್ಲಿ ತಾಯಿ ಕೊಟ್ಟ ಸಾಲದ ಮೇಲೆ. ಇದರಲ್ಲಿ ಮುಖ್ಯವಾದದ್ದು ಇಮ್ಯುನೊಗ್ಲಾಬ್ಯುಲಿನ್ ಜಿ. ಪಶುವೈದ್ಯರು ಚಿಕ್ಕದಾಗಿ ಐಜಿಜಿ ಎನ್ನುತ್ತಾರೆ.

ಈ ಸಾಲ ಕೈಗೆ ಬರಲು ಗಡುವಿದೆ. ಹುಟ್ಟಿದ ಮರಿಯ ಸಣ್ಣ ಕರುಳಿನ ಒಳಪದರದಲ್ಲಿ ದೊಡ್ಡ ಪ್ರೋಟೀನುಗಳನ್ನು ಜೀರ್ಣಿಸದೆ ಇಡಿಯಾಗಿ ನುಂಗಿ ರಕ್ತಕ್ಕೆ ಸೇರಿಸುವ ವಿಶೇಷ ಜೀವಕೋಶಗಳಿರುತ್ತವೆ. ಮೊದಲ 6 ಗಂಟೆಯಲ್ಲಿ ಅವು ಚುರುಕು. ಆಮೇಲೆ ಉದುರಿಹೋಗಿ ಅವುಗಳ ಜಾಗಕ್ಕೆ ಸಾಮಾನ್ಯ ಕೋಶಗಳು ಬರುತ್ತವೆ. 12 ಗಂಟೆ ಹೊತ್ತಿಗೆ ಹೀರುವ ಶಕ್ತಿ ತೀರಾ ತಗ್ಗಿರುತ್ತದೆ, 24 ಗಂಟೆಗೆ ಮುಗಿದೇ ಹೋಗುತ್ತದೆ. ಎರಡನೆಯ ದಿನ ಎಷ್ಟೇ ಒಳ್ಳೆಯ ಗಿಣ್ಣು ಕುಡಿಸಿದರೂ ಅದು ಬರೀ ಆಹಾರ. ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಈ ಕೋಶಗಳು ಪ್ರತಿಕಾಯ ಯಾವುದು, ಬ್ಯಾಕ್ಟೀರಿಯಾ ಯಾವುದು ಎಂದು ಆರಿಸಿ ನುಂಗುವುದಿಲ್ಲ. ಮರಿ ಮೊಲೆ ಹುಡುಕುತ್ತಾ ತಾಯಿಯ ತೊಡೆ, ಹೊಟ್ಟೆ, ಗೋಡೆ ಎಲ್ಲ ನೆಕ್ಕುತ್ತದೆ. ಗಿಣ್ಣಿಗಿಂತ ಮೊದಲು ಲದ್ದಿಯ ಕೊಳೆ ಹೊಟ್ಟೆ ಸೇರಿದರೆ ಅದಕ್ಕೂ ರಕ್ತಕ್ಕೆ ದಾರಿ ತೆರೆದೇ ಇರುತ್ತದೆ. ಮರಿ ಎದ್ದು ನಿಲ್ಲುವ ಮೊದಲೇ ತಾಯಿಯ ಕೆಚ್ಚಲು, ಒಳತೊಡೆಗಳನ್ನು ಉಗುರುಬೆಚ್ಚಗಿನ ನೀರಿನಿಂದ ತೊಳೆದು ಒರೆಸಬೇಕು ಎನ್ನುವುದು ಇದಕ್ಕೇ.

ಇನ್ನು ಗಿಣ್ಣು ಎಲ್ಲಿಂದ ಬರುತ್ತದೆ ಎನ್ನುವುದು. ಕುದುರೆಯ ಗರ್ಭಾವಧಿ ಸುಮಾರು 340 ದಿನ. 320ರಿಂದ 365ರವರೆಗೂ ಹೋಗಬಹುದು. ಕೊನೆಯ 2ರಿಂದ 4 ವಾರಗಳಲ್ಲಿ ಕೆಚ್ಚಲು ತಾಯಿಯ ರಕ್ತದಿಂದ ಐಜಿಜಿಯನ್ನು ಸೆಳೆದು ಕೂಡಿಟ್ಟುಕೊಳ್ಳುತ್ತದೆ. ಇದು ಒಂದು ಬಸಿರಿಗೆ ಒಂದೇ ಸಲ. ಹರಿದುಹೋದರೆ ಮತ್ತೆ ತುಂಬುವುದಿಲ್ಲ. ಈಯುವ 1ರಿಂದ 4 ದಿನ ಮೊದಲು ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಹಳದಿ ಹನಿ ಕಟ್ಟುವುದು ಒಳ್ಳೆಯ ಲಕ್ಷಣ. ಆದರೆ ಅಲ್ಲಿಗೆ ನಿಲ್ಲದೆ ಹಾಲು ಒಂದು ದಿನಕ್ಕೂ ಮೀರಿ ತೊಟ್ಟಿಕ್ಕುತ್ತಿದ್ದರೆ ಮರಿಯ ಪಾಲು ನೆಲಕ್ಕೆ ಹೋಗುತ್ತಿದೆ ಎಂದೇ ಅರ್ಥ. ಸೋರುವುದನ್ನು ಶುಚಿಯಾದ ಪಾತ್ರೆಗೆ ಹಿಡಿದು ಫ್ರೀಜರಿನಲ್ಲಿಡಿ, ಜೊತೆಗೆ ಬೇರೆ ಕುದುರೆಯ ಗಿಣ್ಣಿಗೂ ಏರ್ಪಾಟು ಮಾಡಿ. ದಿನ ತುಂಬುವ ಮೊದಲೇ ಈದ, ಕಾಯಿಲೆ ಬಿದ್ದ, ವಯಸ್ಸಾದ ಕುದುರೆಗಳಲ್ಲೂ ಗಿಣ್ಣು ತೆಳುವಾಗಿರಬಹುದು.

ತಾಯಿ ಯಾವ ರೋಗಾಣುಗಳನ್ನು ಎದುರಿಸಿದೆಯೋ ಅವುಗಳ ವಿರುದ್ಧದ ಪ್ರತಿಕಾಯ ಮಾತ್ರ ಗಿಣ್ಣಿನಲ್ಲಿರುತ್ತದೆ. ಆದ್ದರಿಂದ ಧನುರ್ವಾಯುವಿನ ಬೂಸ್ಟರ್ ಲಸಿಕೆಯನ್ನು ಈಯುವ 4ರಿಂದ 6 ವಾರ ಮೊದಲು ಹಾಕಿಸುತ್ತಾರೆ. ಈಯಲು ಬೇರೆ ಲಾಯಕ್ಕೆ ಸಾಗಿಸುವುದಿದ್ದರೆ ಅದನ್ನೂ ಅಷ್ಟೇ ಮುಂಚೆ ಮಾಡಬೇಕು. ಹಿಂದಿನ ದಿನ ಲಾರಿಯಲ್ಲಿ ತಂದಿಳಿಸಿದ ಕುದುರೆಯ ಗಿಣ್ಣಿನಲ್ಲಿ ಹೊಸ ಜಾಗದ ರೋಗಾಣುಗಳಿಗೆ ಉತ್ತರ ಇರುವುದಿಲ್ಲ.

ಈದ ಮೇಲೆ ಗಡಿಯಾರ ನೋಡಿಕೊಂಡೇ ಇರಬೇಕು. ಮರಿ 1 ಗಂಟೆಯಲ್ಲಿ ಎದ್ದು ನಿಲ್ಲಬೇಕು, 2 ಗಂಟೆಯೊಳಗೆ ಮೊಲೆ ಕುಡಿಯಬೇಕು, 3 ಗಂಟೆಯೊಳಗೆ ತಾಯಿಯ ಕಸ, ಅಂದರೆ ಮಾಸು, ಬೀಳಬೇಕು. ಸ್ವಲ್ಪ ಹಿಂದೆ ಮುಂದೆ ಆದೀತು, ಆದರೆ 3 ಗಂಟೆ ಕಳೆದರೂ ಕುಡಿಯದ ಮರಿಯನ್ನು ‘ನಿಧಾನವಾಗಿ ಕುಡಿಯುತ್ತದೆ ಬಿಡಿ’ ಎಂದು ಬಿಡುವಂತಿಲ್ಲ. ಹೊಕ್ಕುಳಬಳ್ಳಿಯನ್ನು ಕತ್ತರಿಸಬೇಡಿ, ತಾಯಿ ಏಳುವಾಗಲೋ ಮರಿ ಒದ್ದಾಡುವಾಗಲೋ ಅದು ತಾನಾಗಿ ಹರಿಯುತ್ತದೆ. ಉಳಿದ ತುಂಡನ್ನು 0.5% ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ದ್ರಾವಣದಲ್ಲಿ ಅದ್ದಿ, ಮೊದಲ ಎರಡು ಮೂರು ದಿನ ದಿನಕ್ಕೆ ಎರಡು ಮೂರು ಸಲ ಹಾಗೆಯೇ ಮಾಡಿ. ಗಾಢ ಟಿಂಚರ್ ಅಯೋಡಿನ್ ಚರ್ಮ ಸುಡುತ್ತದೆ.

ಹಸುವಿನ ಕಸ ಬೀಳುವ ತನಕ ಕರುವಿಗೆ ಹಾಲು ಬಿಡಬಾರದು ಎನ್ನುವ ನಂಬಿಕೆ ಹಳ್ಳಿಗಳಲ್ಲಿ ಈಗಲೂ ಇದೆ. ಕರುವಿಗೇ ಇದು ನಷ್ಟ. ಕುದುರೆ ಮರಿಗಂತೂ ಪ್ರಾಣಕ್ಕೆ ಸಂಚಕಾರ. ನಿಜ ಇದಕ್ಕೆ ತದ್ವಿರುದ್ಧ: ಮರಿ ಮೊಲೆ ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊರಬಂದು ಗರ್ಭಕೋಶ ಸಂಕುಚಿಸುತ್ತದೆ, ಕಸ ಬೀಳಲು ಅದೇ ನೆರವು. ಹಾಗಿದ್ದೂ ಕುದುರೆಯ ಕಸ 3 ಗಂಟೆ ಮೀರಿ ನಿಂತರೆ ಕೈಯಿಂದ ಎಳೆಯದೆ ವೈದ್ಯರನ್ನು ಕರೆಸಬೇಕು. ತುಂಡು ಒಳಗೇ ಉಳಿದರೆ ಗರ್ಭಕೋಶದ ಸೋಂಕು, ಅದರ ಹಿಂದೆಯೇ ಗೊರಸಿನ ಉರಿಯೂತ ಬರಬಹುದು.

ಗಿಣ್ಣಿನ ಗುಣವನ್ನು ಬಣ್ಣ ನೋಡಿ ಹೇಳುವುದು ಊಹೆ ಅಷ್ಟೆ. ಕಬ್ಬಿನ ರಸ, ದ್ರಾಕ್ಷಿಯ ಸಿಹಿ ನೋಡಲು ಬೆಳೆಗಾರರು ಇಟ್ಟುಕೊಂಡಿರುವ ಬ್ರಿಕ್ಸ್ ರಿಫ್ರ್ಯಾಕ್ಟೋಮೀಟರ್ ಇಲ್ಲಿಗೂ ಸಾಕು. ಮರಿ ಕುಡಿಯುವ ಮೊದಲು ಒಂದೆರಡು ಹನಿ ಗಾಜಿನ ಮೇಲೆ ಹಾಕಿ ಬೆಳಕಿಗೆ ಹಿಡಿದರೆ ಅಂಕೆ ಕಾಣುತ್ತದೆ. ಕುದುರೆಯಲ್ಲಿ 23ಕ್ಕಿಂತ ಮೇಲಿದ್ದರೆ ಒಳ್ಳೆಯದು, 30 ದಾಟಿದರೆ ಬಹಳ ಒಳ್ಳೆಯದು, 20ಕ್ಕಿಂತ ಕೆಳಗಿದ್ದರೆ ಬೇರೆ ಗಿಣ್ಣು ಸೇರಿಸುವ ಯೋಚನೆ ಮಾಡಬೇಕು. ಹಸುವಿಗೆ 22 ಎನ್ನುವುದು ಬಳಕೆಯಲ್ಲಿರುವ ಗಡಿ.

ಸುಮಾರು 50 ಕೆಜಿ ತೂಗುವ ಮರಿಗೆ ಒಳ್ಳೆಯ ಗಿಣ್ಣು 1ರಿಂದ 2 ಲೀಟರ್ ಬೇಕು, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಮೊದಲ 6 ಗಂಟೆಯೊಳಗೆ ಹೊಟ್ಟೆ ಸೇರಬೇಕು. ಮರಿಯ ಜಠರ ಚಿಕ್ಕದು. ಒಂದೇ ಸಲ ಸುರಿಯದೆ ಗಂಟೆಗೊಮ್ಮೆ 250 ಮಿಲಿಯಂತೆ ಕೊಡಬೇಕು. ಬಾಟಲಿಯಲ್ಲಿ ಕುಡಿಸುವುದಾದರೆ ಮರಿ ನಿಂತಿರಬೇಕು ಇಲ್ಲವೇ ಎದೆಯ ಮೇಲೆ ನೆಟ್ಟಗೆ ಕುಳಿತಿರಬೇಕು. ತಲೆ ತಾಯಿಯ ಕೆಚ್ಚಲಿನ ಎತ್ತರಕ್ಕಿಂತ ಮೇಲೆ ಹೋಗಬಾರದು. ಕತ್ತು ಎತ್ತಿಹಿಡಿದು ಸುರಿದರೆ ಹಾಲು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಮೊದಲು ಶುಚಿಯಾದ ಬೆರಳನ್ನು ಬಾಯಿಗಿಟ್ಟು ನೋಡಿ. ಗಟ್ಟಿಯಾಗಿ ಚೀಪದ ಮರಿಗೆ ಬಾಟಲಿ ಬೇಡವೇ ಬೇಡ, ಮೂಗಿನ ಮೂಲಕ ಜಠರಕ್ಕೆ ನಳಿಕೆ ಇಳಿಸುವುದು ವೈದ್ಯರ ಕೆಲಸ. ಮೈ ತಣ್ಣಗಾದ ಮರಿಗೂ ಮೊದಲು ಬಿಸಿ ಕಾಯಿಸಿ, ಆಮೇಲೆ ಹಾಲು. ಕುಡಿದ ಹಾಲು ಮೂಗಿನಿಂದ ಹೊರಬಂದರೆ ಅಂಗುಳ ಸೀಳಿದೆಯೇ ಎಂದು ಪರೀಕ್ಷಿಸಬೇಕು.

ಮರಿ ತಾಯಿಯ ಹೊಟ್ಟೆಯಡಿ ನಿಂತಿದೆ ಎಂದ ಮಾತ್ರಕ್ಕೆ ಕುಡಿಯುತ್ತಿದೆ ಎಂದಲ್ಲ. ಕೆಚ್ಚಲು ಬಿಗಿದುಕೊಂಡೇ ಇದ್ದು, ಮರಿಯ ಹಣೆ ಮೇಲೆ ಹಾಲು ಒಣಗಿ ಅಂಟಿದ್ದರೆ ಹಾಲು ಸೊರೆಬಿಟ್ಟಿದೆ, ಮರಿ ಬಾಯಿ ಹಾಕಿಲ್ಲ. ಈ ಗುರುತು ನೋಡಿದವರು ಅರ್ಧ ದಿನ ಉಳಿಸಿಕೊಳ್ಳುತ್ತಾರೆ. ಕಾಯಿಲೆ ಬೀಳುವ ಮರಿ ಮೊದಲು ಮಾಡುವ ಕೆಲಸವೇ ಕುಡಿಯುವುದನ್ನು ಬಿಡುವುದು.

ಗಿಣ್ಣು ಹೊಟ್ಟೆಗೆ ಹೋದದ್ದು ರಕ್ತಕ್ಕೆ ಸೇರಿತೇ ಎಂದು ಖಚಿತವಾಗಿ ಹೇಳುವುದು ರಕ್ತ ಪರೀಕ್ಷೆ ಮಾತ್ರ. 18ರಿಂದ 24 ಗಂಟೆಯ ನಡುವೆ ಮರಿಯ ರಕ್ತ ತೆಗೆದು ಐಜಿಜಿ ನೋಡುತ್ತಾರೆ. ಪ್ರತಿ ಡೆಸಿಲೀಟರಿಗೆ 800 ಮಿಲಿಗ್ರಾಂ ದಾಟಿದ್ದರೆ ನೆಮ್ಮದಿ. 400ರಿಂದ 800 ಅರೆಬರೆ. 400ಕ್ಕಿಂತ ಕೆಳಗಿದ್ದರೆ ತಾಯಿಯ ಪ್ರತಿಕಾಯಗಳ ವರ್ಗಾವಣೆ ಆಗಿಲ್ಲ ಎಂದೇ ಲೆಕ್ಕ. ಅನುಮಾನವಿದ್ದ ಮರಿಗೆ 8ರಿಂದ 12 ಗಂಟೆಗೇ ಪರೀಕ್ಷೆ ಮಾಡಿಸುವುದು ಜಾಣತನ, ಆಗ ಬಾಯಿಯ ಮೂಲಕ ಇನ್ನಷ್ಟು ಗಿಣ್ಣು ಕೊಡಲು ಇನ್ನೂ ಸಮಯವಿರುತ್ತದೆ. ಗಡುವು ಮೀರಿದ ಮೇಲೆ ಉಳಿಯುವ ದಾರಿ ರಕ್ತನಾಳದ ಮೂಲಕ ಕುದುರೆಯ ಪ್ಲಾಸ್ಮಾ, ಅಂದರೆ ಕಣಗಳನ್ನು ತೆಗೆದ ರಕ್ತದ ದ್ರವಭಾಗ, ಕೊಡುವುದು. 1 ಲೀಟರ್ ಪ್ಲಾಸ್ಮಾ ಏರಿಸಿದರೆ ಐಜಿಜಿ ಸುಮಾರು 200 ಮಿಲಿಗ್ರಾಂ ಏರುತ್ತದೆ, ಆದ್ದರಿಂದ ಒಂದಕ್ಕಿಂತ ಹೆಚ್ಚು ಬೇಕಾಗಬಹುದು. ಹಾಗೇ ಬಿಟ್ಟ ಮರಿಯಲ್ಲಿ ರಕ್ತದ ಸೋಂಕು, ಕೀಲು ಬಾವು, ನ್ಯುಮೋನಿಯಾ ಕಾಣಿಸಿಕೊಳ್ಳುತ್ತವೆ. ಊದಿದ ಕೀಲಿಗೆ ‘ತಾಯಿ ತುಳಿದಿರಬೇಕು’ ಎಂದು ಎಣ್ಣೆ ಹಚ್ಚುತ್ತಾ ಕೂತು ಮರಿ ಕಳೆದುಕೊಳ್ಳುವುದು ಇಂಥಲ್ಲೇ.

ಹೆಚ್ಚು ಗಿಣ್ಣಿರುವ ಕುದುರೆಯಿಂದ, ಅದರ ಸ್ವಂತ ಮರಿ ಚೆನ್ನಾಗಿ ಕುಡಿದ ಮೇಲೆ, 200ರಿಂದ 250 ಮಿಲಿ ಕರೆದು ಸೋಸಿ, ಹೆಸರು, ದಿನಾಂಕ, ಬ್ರಿಕ್ಸ್ ಬರೆದು ಮೈನಸ್ 20 ಡಿಗ್ರಿಯಲ್ಲಿಟ್ಟರೆ ಒಂದು ವರ್ಷ ಇಡಬಹುದು. ಕರಗಿಸುವುದು ಉಗುರುಬೆಚ್ಚಗಿನ ನೀರಿನಲ್ಲಿಟ್ಟೇ. ಮೈಕ್ರೋವೇವ್, ಒಲೆ ಎರಡೂ ಪ್ರತಿಕಾಯಗಳನ್ನು ಹಾಳುಮಾಡುತ್ತವೆ. ಏನೂ ಸಿಗದಾಗ ಹಸುವಿನ ಗಿಣ್ಣು ಕೊಡಬಹುದು, ಆದರೆ ಅದರ ಪ್ರತಿಕಾಯಗಳು ಮರಿಯ ರಕ್ತದಲ್ಲಿ ಬೇಗ ಕರಗುತ್ತವೆ, ಕುದುರೆಯ ರೋಗಾಣುಗಳಿಗೆ ತಕ್ಕವೂ ಅಲ್ಲ.

ಗಿಣ್ಣೇ ವಿಷವಾಗುವ ಒಂದು ಸಂದರ್ಭವೂ ಇದೆ. ಮರಿ ತಂದೆಯಿಂದ ಪಡೆದ ರಕ್ತದ ಗುಂಪು ತಾಯಿಗೆ ಹೊಂದದೆ, ಹಿಂದಿನ ಬಸಿರಿನಲ್ಲೋ ರಕ್ತ ಕೊಟ್ಟಾಗಲೋ ತಾಯಿಯ ಮೈ ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡಿದ್ದರೆ, ಅವು ಗಿಣ್ಣಿನ ಮೂಲಕ ಬಂದು ಮರಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹುಟ್ಟುವಾಗ ಲವಲವಿಕೆಯಿಂದಿದ್ದ ಮರಿ ಒಂದೆರಡು ದಿನದಲ್ಲಿ ಸೋತು ಮಲಗುತ್ತದೆ, ವಸಡು ಬಿಳಿಚಿ ಹಳದಿಯಾಗುತ್ತದೆ, ಮೂತ್ರ ಕೆಂಪಾಗುತ್ತದೆ. ಹೆಣ್ಣು ಕುದುರೆಗೆ ಗಂಡು ಕತ್ತೆ ಕೊಡಿಸಿ ಹೇಸರಗತ್ತೆ ಪಡೆಯುವಲ್ಲಿ ಇದು ಹೆಚ್ಚು, ಏಕೆಂದರೆ ಕತ್ತೆಯ ಕೆಂಪುಕಣದ ಒಂದು ಗುರುತು ಯಾವ ಕುದುರೆಯಲ್ಲೂ ಇರುವುದಿಲ್ಲ. ಒಮ್ಮೆ ಹೀಗಾದ ತಾಯಿಯ ಮುಂದಿನ ಮರಿಗೆ ಹುಟ್ಟಿದೊಡನೆ ಬಾಯಿಬುಟ್ಟಿ ಹಾಕಿ, 24ರಿಂದ 48 ಗಂಟೆ ತಾಯಿಯ ಹಾಲು ತಡೆದು, ಅದನ್ನು ಕರೆದು ಚೆಲ್ಲಬೇಕು. ಬೇರೆ ಕುದುರೆಯ ಗಿಣ್ಣು ಕುಡಿಸಬೇಕು. ಕರುಳಿನ ಹೀರುವ ದಾರಿ ಮುಚ್ಚಿದ ಮೇಲೆ ಅದೇ ತಾಯಿಯ ಹಾಲು ನಿರಪಾಯ.

ಗಿಣ್ಣು ಸ್ವಲ್ಪ ಭೇದಿಗೂ ಇಳಿಸುತ್ತದೆ. ಗರ್ಭದಲ್ಲಿದ್ದಾಗಲೇ ಕರುಳಿನಲ್ಲಿ ಕಟ್ಟಿದ ಕಪ್ಪು, ಗಟ್ಟಿ ಮೊದಲ ಲದ್ದಿ 24 ಗಂಟೆಯೊಳಗೆ ಹೊರಬಂದು ಹಳದಿ ಲದ್ದಿ ಕಾಣಬೇಕು. ಬಾಲವೆತ್ತಿ ತಿಣುಕುತ್ತಾ, ಹೊಟ್ಟೆಯತ್ತ ತಿರುಗಿ ನೋಡುವ ಮರಿಗೆ ಎನಿಮಾ ಬೇಕಾಗುತ್ತದೆ. ಗಂಡು ಮರಿಗಳ ಸೊಂಟದ ಎಲುಬಿನ ದಾರಿ ಕಿರಿದಾದ್ದರಿಂದ ಅವುಗಳಲ್ಲಿ ಈ ತೊಂದರೆ ಹೆಚ್ಚು.

ತಾಯಿಯಿಂದ ಬಂದ ಪ್ರತಿಕಾಯಗಳು ವಾರ ವಾರಕ್ಕೂ ಕರಗುತ್ತಾ ಹೋಗುತ್ತವೆ, ಮರಿಯ ಸ್ವಂತದ್ದು ನಿಧಾನವಾಗಿ ಏರುತ್ತದೆ. ಒಂದೆರಡು ತಿಂಗಳ ವಯಸ್ಸಿನಲ್ಲಿ ಎರಡೂ ಕಡಿಮೆಯಿರುವುದರಿಂದ ಆಗ ನೆಗಡಿ, ಕೆಮ್ಮು, ನ್ಯುಮೋನಿಯಾ ಕಾಡುವುದು ಸಹಜ. ಹಾಗೆಂದು ಬೇಗ ಲಸಿಕೆ ಹಾಕಿಸಿಯೂ ಪ್ರಯೋಜನವಿಲ್ಲ: ರಕ್ತದಲ್ಲಿ ಉಳಿದಿರುವ ತಾಯಿಯ ಪ್ರತಿಕಾಯಗಳೇ ಲಸಿಕೆಯನ್ನು ಅಡಗಿಸಿಬಿಡುತ್ತವೆ. ಲಸಿಕೆ ಪಡೆದ ತಾಯಿಯ ಗಿಣ್ಣು ಕುಡಿದ ಮರಿಗೆ ಧನುರ್ವಾಯುವಿನ ಮೊದಲ ಸೂಜಿ 4ರಿಂದ 6 ತಿಂಗಳಿಗೆ. ಗಿಣ್ಣೇ ಸಿಗದ ಮರಿಗೆ ಕಾಯುವಂತಿಲ್ಲ, ಅದರ ವೇಳಾಪಟ್ಟಿಯನ್ನು ವೈದ್ಯರು ಬೇರೆಯೇ ಹಾಕುತ್ತಾರೆ.