ತಕರಾರು ಅರ್ಜಿ ಇತ್ಯರ್ಥವಾಗುವಷ್ಟರಲ್ಲಿ ಅವಧಿಯೇ ಮುಗಿದಿರುತ್ತದೆ

2023ರ ಮೇ ತಿಂಗಳಲ್ಲಿ ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಕಾಂಗ್ರೆಸ್‌ನ ಕೆ.ವೈ. ನಂಜೇಗೌಡರು ಬಿಜೆಪಿಯ ಕೆ.ಎಸ್. ಮಂಜುನಾಥಗೌಡರ ವಿರುದ್ಧ ಗೆದ್ದದ್ದು 248 ಮತಗಳಿಂದ. ಎಣಿಕೆ ಸರಿಯಾಗಿ ನಡೆದಿಲ್ಲವೆಂದು ಸೋತವರು ಹೈಕೋರ್ಟ್ ಮೆಟ್ಟಿಲೇರಿದರು. ಆಯ್ಕೆಯನ್ನು ಅಸಿಂಧುಗೊಳಿಸಿ, ಮರು ಎಣಿಕೆಗೆ ಆದೇಶಿಸಿದ ತೀರ್ಪು ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಮರು ತಿಂಗಳು ಸುಪ್ರೀಂ ಕೋರ್ಟ್ ಅಸಿಂಧು ಆದೇಶಕ್ಕೆ ತಡೆ ನೀಡಿತು. ಎಣಿಕೆ ನಡೆಯಲಿ, ಆದರೆ ತನ್ನ ಅನುಮತಿಯಿಲ್ಲದೆ ಫಲಿತಾಂಶ ಪ್ರಕಟಿಸಬಾರದು ಎಂದಿತು. ನವೆಂಬರ್‌ನಲ್ಲಿ ಮತ್ತೆ ಎಣಿಸಿದರು. ಒಂದು ದಿನದ ಕೆಲಸಕ್ಕೆ ಎರಡೂವರೆ ವರ್ಷ ಕಾಯಬೇಕಾಯಿತು.

ನಮ್ಮ ಸೀಮೆಯ ಮಟ್ಟಿಗೆ ಇದೂ ಬೇಗವೇ. ತುಮಕೂರು ಗ್ರಾಮಾಂತರದಲ್ಲಿ 2018ರಲ್ಲಿ ಗೆದ್ದಿದ್ದ ಜೆಡಿಎಸ್‌ನ ಡಿ.ಸಿ. ಗೌರಿಶಂಕರ್ ಅವರ ಆಯ್ಕೆಯನ್ನು ನಕಲಿ ವಿಮಾ ಬಾಂಡ್ ಹಂಚಿಕೆಯ ಪ್ರಕರಣದಲ್ಲಿ ಹೈಕೋರ್ಟ್ ಅಸಿಂಧುಗೊಳಿಸಿದ್ದು 2023ರ ಮಾರ್ಚ್ 30ರಂದು. ಅದರ ಹಿಂದಿನ ದಿನವೇ ಮುಂದಿನ ಚುನಾವಣೆ ಘೋಷಣೆಯಾಗಿತ್ತು! ಮೀಸಲು ಕ್ಷೇತ್ರ ಮುಳಬಾಗಿಲಿನಲ್ಲಿ 2013ರಲ್ಲಿ ಆಯ್ಕೆಯಾದ ಕೊತ್ತೂರು ಮಂಜುನಾಥ್ ಅವರ ಜಾತಿ ಪ್ರಮಾಣಪತ್ರದ ತಕರಾರು ತೀರ್ಮಾನವಾದದ್ದು 2018ರ ಏಪ್ರಿಲ್‌ನಲ್ಲಿ, ಮತ್ತೊಂದು ಮತದಾನದ ಹೊಸ್ತಿಲಲ್ಲಿ. ಎರಡೂ ಕಡೆ ಶಾಸಕರ ಅವಧಿ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಅಷ್ಟು ವರ್ಷ ಆ ಕ್ಷೇತ್ರದ ಜನರಿಗೆ ತಮ್ಮ ಪ್ರತಿನಿಧಿ ನಿಜವಾಗಿ ಯಾರೆಂಬುದೇ ಖಚಿತವಿರಲಿಲ್ಲ. ಅರ್ಜಿ ಹಾಕಿದವರಿಗೂ ಇದು ಅನ್ಯಾಯ. ಆರೋಪ ಹೊತ್ತು ಅಧಿಕಾರದಲ್ಲಿ ಕುಳಿತವರಿಗೂ ಅನ್ಯಾಯವೇ.

ಕಾನೂನಿನಲ್ಲಿ ಗಡುವು ಇಲ್ಲದೆ ಇಲ್ಲ. ಮೊದಲು ಇಂಥ ಅರ್ಜಿಗಳನ್ನು ಚುನಾವಣಾ ನ್ಯಾಯಮಂಡಳಿಗಳು ಕೇಳುತ್ತಿದ್ದವು. 1966ರ ತಿದ್ದುಪಡಿ ಅವನ್ನು ನೇರವಾಗಿ ಹೈಕೋರ್ಟ್‌ಗೆ ಒಪ್ಪಿಸಿತು. ಫಲಿತಾಂಶದ 45 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಆರು ತಿಂಗಳಲ್ಲಿ ವಿಚಾರಣೆ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ಜನತಾ ಪ್ರಾತಿನಿಧ್ಯ ಕಾಯ್ದೆಯ 86ನೇ ಕಲಂ. ಅರ್ಜಿದಾರ ಒಂದು ದಿನ ತಡಮಾಡಿದರೆ ಬಾಗಿಲು ಮುಚ್ಚುತ್ತದೆ. ವಿಚಾರಣೆ ನಾಲ್ಕು ವರ್ಷ ತಡವಾದರೆ ಕೇಳುವವರಿಲ್ಲ.

ಈ ವಿಳಂಬ ದೇಶವನ್ನೇ ಅಲುಗಿಸಿದ್ದುಂಟು. 1971ರ ರಾಯ್‌ಬರೇಲಿ ಚುನಾವಣೆಯ ಬಗ್ಗೆ ರಾಜ್ ನಾರಾಯಣ್ ಸಲ್ಲಿಸಿದ ಅರ್ಜಿಯ ಮೇಲೆ ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆಯನ್ನು ರದ್ದುಪಡಿಸಿದ್ದು 1975ರ ಜೂನ್ 12ರಂದು. ಹದಿಮೂರು ದಿನಗಳ ನಂತರ ತುರ್ತು ಪರಿಸ್ಥಿತಿ ಬಂತು. ಆಗಸ್ಟ್‌ನಲ್ಲಿ ಪ್ರಧಾನಿಯ ಆಯ್ಕೆಯನ್ನು ನ್ಯಾಯಾಲಯದ ವ್ಯಾಪ್ತಿಯಿಂದ ಹೊರಗಿಡಲು ಸಂವಿಧಾನಕ್ಕೇ ತಿದ್ದುಪಡಿಯಾಯಿತು. ತುರ್ತು ಪರಿಸ್ಥಿತಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಅದೇ ತೀರ್ಪು 1971ರಲ್ಲೇ ಬಂದಿದ್ದರೆ ಒಂದು ಕ್ಷೇತ್ರದ ಮರುಚುನಾವಣೆಯಲ್ಲಿ ಮುಗಿಯುತ್ತಿತ್ತೇನೋ ಎಂದು ನನಗೆ ಅನ್ನಿಸುತ್ತದೆ.

ಪರಿಹಾರ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಪ್ರತಿ ಹೈಕೋರ್ಟ್‌ನಲ್ಲಿ ಚುನಾವಣಾ ಪೀಠ ಇರಲಿ, ದಿನವಹಿ ವಿಚಾರಣೆ ನಡೆಯಲಿ ಎಂದು ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲೇ ಹೇಳಿದೆ. ಮಾಲೂರು ಅದಕ್ಕೆ ಇನ್ನೊಂದು ಅಂಶ ಸೇರಿಸಿದೆ. ಅಲ್ಲಿ ಎಣಿಕೆಯ ವಿಡಿಯೊ ದಾಖಲೆಯನ್ನು ಹೈಕೋರ್ಟ್‌ಗೆ ಹಾಜರುಪಡಿಸಲು ಆಗಲೇ ಇಲ್ಲ. ಹಾಗಾಗಿ ಎಣಿಕೆ ಮುಗಿದ ದಿನವೇ ವಿಡಿಯೊದ ಮುದ್ರೆ ಹಾಕಿದ ಒಂದು ಪ್ರತಿ ಜಿಲ್ಲಾ ನ್ಯಾಯಾಧೀಶರ ವಶಕ್ಕೆ ಹೋಗಬೇಕು. ತಕರಾರು ಅರ್ಜಿ ಬಂದರೆ ಅಂತಿಮ ತೀರ್ಪಿನವರೆಗೆ ಅದು ಅಲ್ಲಿಯೇ ಇರಬೇಕು. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಡ, ನಿಯಮಗಳನ್ನು ತಿದ್ದಿದರೆ ಸಾಕು.