ಅನುರಣನ ಕಾಲ: ಕಲ್ಲಿನ ಚರ್ಚಿಗೆ ಸ್ಯಾಕ್ಸೊಫೋನ್ ಮೇಳ ಬರೆಯುವಾಗ

ಗಂಟೆ ಬಾರಿಸಿದ ಹಿಂದೆಯೇ ಬರುವ ಗುಂಯ್ ಎಂಬ ನಾದವೇ ಅನುರಣನ. ಕಾವ್ಯಮೀಮಾಂಸಕ ಆನಂದವರ್ಧನ ಅದನ್ನು ಕಾವ್ಯದ ಧ್ವನಿಗೆ, ಅಂದರೆ ಮಾತಿನ ಹಿಂದೆ ಹೊಳೆಯುವ ಅರ್ಥಕ್ಕೆ, ಹೋಲಿಕೆಯಾಗಿ ತಂದ. ಭೌತಶಾಸ್ತ್ರದ ಪಠ್ಯಗಳು ಅದೇ ಪದವನ್ನು ಕಟ್ಟಡಕ್ಕೂ ಹಚ್ಚಿದವು. ಪ್ರತಿಧ್ವನಿ ಬೇರೆ, ಅದು ಬಿಡಿಯಾಗಿ ಕೇಳುತ್ತದೆ. ಅನುರಣನದಲ್ಲಿ ಗೋಡೆ, ಕಮಾನು, ನೆಲಗಳಿಂದ ಮರಳುವ ಅಲೆಗಳು ಒಂದರ ಮೇಲೊಂದು ಬಿದ್ದು ಒಂದೇ ಬಾಲವಾಗುತ್ತವೆ. ಸದ್ದು ನಿಂತ ಮೇಲೆ 60 ಡೆಸಿಬಲ್ ಇಳಿಯಲು ಹಿಡಿಯುವ ಹೊತ್ತೇ ಅನುರಣನ ಕಾಲ. ಒಳ್ಳೆಯ ಸಂಗೀತ ಸಭಾಂಗಣದಲ್ಲಿ ಅದು ಸುಮಾರು 2 ಸೆಕೆಂಡು, ದೊಡ್ಡ ಕಲ್ಲಿನ ಚರ್ಚಿನಲ್ಲಿ 5–6. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚು ಖಾಲಿಯಿದ್ದಾಗ ಕೆಳಸ್ವರಗಳಿಗೆ 10 ದಾಟುತ್ತದೆ.

ಮೇಲಿನ ಸ್ವರದಿಂದ ಕೆಳಗಿನದಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ಎಂಬ ನಾಲ್ಕು ಸ್ಯಾಕ್ಸೊಫೋನುಗಳ ಮೇಳಕ್ಕೆ ಬರೆಯುವವರು ಮೊದಲು ಕೇಳಬೇಕಾದ್ದು ಈ ಅಂಕಿಯನ್ನೇ. 5 ಸೆಕೆಂಡಿನ ಚರ್ಚಿನಲ್ಲಿ ಸದ್ದು ಸೆಕೆಂಡಿಗೆ ಇಳಿಯುವುದು ಬರೀ 12 ಡೆಸಿಬಲ್. ನಿಮಿಷಕ್ಕೆ 60 ಬಡಿತದ ವೇಗದಲ್ಲಿ ಬಡಿತಕ್ಕೊಂದು ಸ್ವರ ನುಡಿಸಿದರೆ, ಹೊಸ ಸ್ವರ ಬರುವಾಗ ಹಿಂದಿನದು 12, ಅದರ ಹಿಂದಿನದು 24 ಡೆಸಿಬಲ್ ಕೆಳಗೆ ಇನ್ನೂ ಮೊಳಗುತ್ತಿರುತ್ತದೆ. ಅಂದರೆ ಬರೆದದ್ದು ರಾಗದ ಎಳೆ, ಕೇಳುವುದು ಕಾರ್ಡ್, ಒಟ್ಟಿಗೇ ಮೊಳಗುವ ಸ್ವರಗಳ ಗೊಂಚಲು. ಮೋಹನ ರಾಗದ ಸ-ರಿ-ಗ-ಪ-ದ ಹೀಗೆ ಬೆರೆತರೂ ಸೊಗಸು. ಮಾಯಾಮಾಳವಗೌಳದ ತೀರ ಹತ್ತಿರದ ಸ-ರಿ ಬೆರೆತರೆ ಎರಡೂ ಗುದ್ದಾಡುತ್ತವೆ. ಗುದ್ದಾಟವೇ ಬೇಕಿದ್ದರೆ ಸರಿ, ಆದರೆ ಅದು ಗೊತ್ತಿದ್ದು ಬರೆದದ್ದಾಗಿರಲಿ. ಕದ್ರಿ ಗೋಪಾಲನಾಥರು ಆಲ್ಟೊದಲ್ಲಿ ಹರಿಸುತ್ತಿದ್ದಂಥ ವೇಗದ ಸ್ವರಗಳು ಇಲ್ಲಿ ಕಲಸುಮೇಲೋಗರವಾಗುತ್ತವೆ.

ಹೆಚ್ಚು ಕೆಡಿಸುವುದು ಬ್ಯಾರಿಟೋನ್. ಕಲ್ಲು ಕೆಳಸ್ವರಗಳನ್ನು ಹೀರುವುದು ತೀರ ಕಡಿಮೆ; ಮೇಲಿನವನ್ನು ಗಾಳಿಯೇ ಒಂದಿಷ್ಟು ನುಂಗುತ್ತದೆ. ಹಾಗಾಗಿ ಬ್ಯಾರಿಟೋನಿನ ಉದ್ದ ಸ್ವರ ಉಳಿದ ಮೂವರನ್ನೂ ಮುಚ್ಚಿಬಿಡುತ್ತದೆ. ತಳದಲ್ಲಿ ಸ-ಪ, ಸ-ಮೇಲಿನ ಸ ಅಂತರಗಳನ್ನೇ ಇಟ್ಟುಕೊಂಡು, ಸ್ವರವನ್ನು ಬರೆದ ಅವಧಿಯ ಅರ್ಧಕ್ಕೆ ಕತ್ತರಿಸಿದರೆ ಸಾಕು, ಮಿಕ್ಕರ್ಧವನ್ನು ಕಟ್ಟಡವೇ ನುಡಿಸುತ್ತದೆ. ನಾಲಗೆಯನ್ನು ರೀಡಿನಿಂದ (ಬಾಯಿಗಿಡುವ ತುದಿಯ ಕಂಪಿಸುವ ಪಟ್ಟಿ) ಚಟ್ಟನೆ ಬಿಡಿಸುವ ಸ್ಲ್ಯಾಪ್ ಟಂಗ್ ಮಸುಕಿನ ನಡುವೆಯೂ ಸ್ಪಷ್ಟ. ಕೀಲಿಗಳ ಟಕಟಕ ಮಾತ್ರ ಮೂರನೆಯ ಸಾಲಿಗೂ ಮುಟ್ಟುವುದಿಲ್ಲ.

ವಿರಾಮಕ್ಕೂ ಲೆಕ್ಕವಿದೆ. ಹಿನ್ನೆಲೆಯ ಸದ್ದು 30 ಡೆಸಿಬಲ್ ಇದ್ದರೆ, 90ರಲ್ಲಿ ಬಿಟ್ಟ ಕಾರ್ಡಿನ ಬಾಲ ಪೂರ್ತಿ 5 ಸೆಕೆಂಡು ಕೇಳುತ್ತದೆ, 60ರದ್ದು ಎರಡೂವರೆಯಲ್ಲೇ ಮುಳುಗುತ್ತದೆ. ಎರಡಕ್ಕೂ ಒಂದೇ ಅಳತೆಯ ವಿರಾಮ ಬರೆದರೆ ಒಂದು ಕಡೆ ಮೌನವೇ ಸಿಗದು, ಇನ್ನೊಂದು ಕಡೆ ನುಡಿಸುವವರು ಸಾಲು ಮರೆತಂತೆ ತೋರುತ್ತದೆ.

ವೆನಿಸ್ಸಿನ ಸ್ಯಾನ್ ಮಾರ್ಕೋ ಚರ್ಚಿನಲ್ಲಿ ಸಂಗೀತ ರಚನಕಾರ ಜೊವಾನ್ನಿ ಗೇಬ್ರಿಯೆಲಿ 16ನೇ ಶತಮಾನದ ಕೊನೆಗೆ ಮಾಡಿದಂತೆ ಮೇಳವನ್ನು ಒಡೆದು ಎದುರುಬದುರು ನಿಲ್ಲಿಸುವುದಾದರೆ ದೂರ ಅಳೆಯಿರಿ: 34 ಮೀಟರಿಗೆ ಸದ್ದು 0.1 ಸೆಕೆಂಡು ತಡ. ಸವಾಲ್-ಜವಾಬ್ ನಡೆಯುತ್ತದೆ, ಇಬ್ಬರೂ ಒಟ್ಟಿಗೆ ಹಿಡಿಯುವ ಚುರುಕು ಲಯ ನಡೆಯದು.

ಅಂಕಿ ಪಡೆಯಲು ಒಂದು ದೊಡ್ಡ ಬಲೂನು ಒಡೆದು ರೆಕಾರ್ಡ್ ಮಾಡಿ, 30 ಡೆಸಿಬಲ್ ಇಳಿಯುವ ಹೊತ್ತನ್ನು ದುಪ್ಪಟ್ಟು ಮಾಡಬೇಕು. ಆದರೆ ಖಾಲಿ ಚರ್ಚಿನ ಅಂಕಿಯನ್ನು ನಂಬಿ ಕೂರಬಾರದು. ಹಾರ್ವರ್ಡಿನ ಭೌತವಿಜ್ಞಾನಿ ವ್ಯಾಲೇಸ್ ಸೇಬಿನ್ ಕೊಟ್ಟ ಸೂತ್ರ ಸರಳ: ಘನ ಮೀಟರಿನಲ್ಲಿ ಗಾತ್ರ × 0.161 ÷ ಒಟ್ಟು ಹೀರಿಕೆ (ಸದ್ದನ್ನು ಪೂರ್ತಿ ಹೀರುವ ಎಷ್ಟು ಚದರ ಮೀಟರಿಗೆ ಕಟ್ಟಡ ಸಮ ಎಂಬುದು). 6,000 ಘನ ಮೀಟರಿನ ಚರ್ಚಿನಲ್ಲಿ 6 ಸೆಕೆಂಡು ಬಂದರೆ ಹೀರಿಕೆ 161 ಚದರ ಮೀಟರು. ತಲೆಗೆ ಸುಮಾರು 0.5ರಂತೆ 200 ಜನ ಸೇರಿದರೆ ಅದು 261. ಅನುರಣನ ಕಾಲ 3.7ಕ್ಕೆ ಇಳಿಯಿತು. ಮಧ್ಯಾಹ್ನದ ತಾಲೀಮಿನಲ್ಲಿ ಸರಿಯೆನಿಸಿದ ವೇಗ ಸಂಜೆಗೆ ಎಳೆದಾಡಿದಂತೆ ಕೇಳುವುದು ಇದಕ್ಕೇ. ಸ್ಕೋರಿನ ಮೇಲೆ ವೇಗವನ್ನು 54 ಎಂದು ಒಂದೇ ಅಂಕಿಯಲ್ಲಿ ಕಟ್ಟಿಹಾಕದೆ 54–66 ಎಂದು ಬಿಟ್ಟುಕೊಟ್ಟರೆ ನುಡಿಸುವವರು ಬದುಕಿಕೊಳ್ಳುತ್ತಾರೆ.